ಬೀಳದಂತೆ ಹಿಡಿದ ಕೈ

ದೂರು ಠಾಣೆಗೆ ಬಂದಾಗ ಬೆಳಗಿನ ಹತ್ತೂವರೆ. ಇನ್‌ಸ್ಪೆಕ್ಟರ್ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದರು, ಒಂದು ಕಾಲು ಹೊಸ್ತಿಲಾಚೆ ಇಟ್ಟಾಗಿತ್ತು. ಎದುರಿಗೆ ಒಬ್ಬ ನಿವೃತ್ತ ಟೀಚರ್, ಅರವತ್ತು ದಾಟಿದವರು, ಹಳೆಯ ಆಲ್ಬಮ್ಮನ್ನು ಎದೆಗವಚಿಕೊಂಡು ನಿಂತಿದ್ದರು.

"ಕಳ್ಳತನ ಆಗಿದೆ ಸಾರ್. ನಮ್ಮಪ್ಪನ ಫೋಟೋ."

"ಬೆಳ್ಳಿ ಫ್ರೇಮಾ?"

"ಬರೀ ಫೋಟೋ."

ಇನ್‌ಸ್ಪೆಕ್ಟರ್ ನಿಟ್ಟುಸಿರುಬಿಟ್ಟು ಮರಳಿ ಕುರ್ಚಿಯಲ್ಲಿ ಕುಸಿದರು. ಸ್ನಾನಕ್ಕೂ ನಿದ್ದೆಗೂ ಅಲ್ಲಿಗೆ ಎಳ್ಳುನೀರು ಬಿಟ್ಟಂತಾಯಿತು.

ಟೀಚರ್ ಹೇಳಿದ್ದು ಇಷ್ಟು. ಅಪ್ಪ ತೀರಿಕೊಂಡಾಗ ಅವರಿನ್ನೂ ಎರಡು ವರ್ಷದ ಕೂಸು. ಅಪ್ಪನ ಜೊತೆ ಇರುವುದು ಅದೊಂದೇ ಫೋಟೋ. ಆಲ್ಬಮ್ಮಿನಲ್ಲಿದ್ದುದನ್ನೆಲ್ಲ ಸ್ಕ್ಯಾನ್ ಮಾಡಿ, ಕಲೆ, ಗೀರು ತೆಗೆದುಕೊಡಲು ಸ್ಟುಡಿಯೋಗೆ ಕೊಟ್ಟಿದ್ದರು. ಪೆನ್‌ಡ್ರೈವ್ ಬಂತು, ಆಲ್ಬಮ್ಮೂ ಬಂತು, ಆ ಪುಟ ಮಾತ್ರ ಖಾಲಿ.

"ಸ್ಕ್ಯಾನ್ ಇದೆಯಲ್ಲಮ್ಮ, ಪ್ರಿಂಟ್ ಹಾಕಿಸ್ಕೊಳ್ಳಿ," ಅಂದರು ಮುಖ್ಯ ಪೇದೆ.

"ಹಿಂದೆ ನಮ್ಮಪ್ಪ ತಮ್ಮ ಕೈಯಾರೆ ನನ್ನ ಹೆಸರು ಬರ್ದಿದಾರೆ. ಅದನ್ನೂ ಪ್ರಿಂಟ್ ಹಾಕ್ತೀರಾ?"

ಮುಖ್ಯ ಪೇದೆ ತೆಪ್ಪಗೆ ಎಫ್‌ಐಆರ್ ಬರೆಯಲು ಕೂತರು.

ಖಾಲಿ ಪುಟದಲ್ಲಿ ಫೋಟೋ ಸಿಕ್ಕಿಸುವ ನಾಲ್ಕು ಕಾಗದದ ಮೂಲೆಗಳು ಹಾಗೇ ಇದ್ದವು. ಒಂದೂ ಹರಿದಿರಲಿಲ್ಲ. ಅವಸರದ ಕೆಲಸವಲ್ಲ, ಪಳಗಿದ ಕೈ ಎಂದುಕೊಂಡರು ಇನ್‌ಸ್ಪೆಕ್ಟರ್. ಮಹಿಳಾ ಕಾನ್ಸ್‌ಟೇಬಲ್ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿದರು. ಪರದೆಯ ಮೇಲೆ ಅಪ್ಪ, ಅಮ್ಮ, ತುದಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತ ಮಗು. ನಿನ್ನೆ ತೆಗೆದಷ್ಟು ಸ್ವಚ್ಛ.

"ಸಾರ್, ಇದೇನಿದು?" ಕಾನ್ಸ್‌ಟೇಬಲ್ ಪರದೆಗೆ ಬಾಗಿದರು. ಮಗುವಿನ ಸೊಂಟವನ್ನು ಒಂದು ಕೈ ಹಿಡಿದಿತ್ತು. ಕಿರುಬೆರಳು ಸೊಟ್ಟ. ಮಣಿಕಟ್ಟಿನಿಂದಾಚೆ ಏನೂ ಇಲ್ಲ, ಬರೀ ಗೋಡೆ.

"ಅಯ್ಯೋ, ಅಲ್ಲೊಬ್ಬಳು ಕೆಲಸದೋಳು ನಿಂತಿದ್ಲು. ತೆಗೆದುಬಿಡಿ ಅಂದಿದ್ದೆ," ಅಂದರು ಟೀಚರ್. "ಕೈ ಹಾಗೇ ಬಿಟ್ಟಿದಾರಲ್ಲ! ನಾನು ಅಪ್ಪನ ಮುಖ ನೋಡ್ತಾ ಗಮನಿಸ್ಲೇ ಇಲ್ಲ."

ಮಧ್ಯಾಹ್ನ ಸ್ಟುಡಿಯೋಗೆ ಹೋದರು. ಇನ್‌ಸ್ಪೆಕ್ಟರ್ ಕೂರುವ ಮುಂಚೆಯೇ ಮಾಲೀಕ ಶುರುಮಾಡಿದ. "ಅವರೇ ಎಲ್ಲೋ ಬೀಳಿಸ್ಕೊಂಡಿರ್ತಾರೆ ಸಾರ್. ಹಳೇ ಫೋಟೋಗೆ ಯಾರು ಆಸೆಪಡ್ತಾರೆ?"

"ಕೆಲಸ ಮಾಡಿದ್ದು ಯಾರು?"

ಒಳಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಸ್ಕ್ಯಾನರಿನ ಗಾಜು ಒರೆಸುತ್ತಿದ್ದಳು. ಕೈಗೆ ಬಿಳಿ ಗ್ಲೌಸು. ಪೊಲೀಸರನ್ನು ಕಂಡು ಗಾಬರಿಪಡಲಿಲ್ಲ, ಒರೆಸುವುದನ್ನೂ ನಿಲ್ಲಿಸಲಿಲ್ಲ.

"ಕೈ ಯಾಕಮ್ಮ ಉಳೀತು?"

"ಕಾಣಿಸ್ಲಿಲ್ಲ ಸಾರ್."

"ಕೋಟಿನ ಗುಂಡಿ ಮೇಲಿನ ಗೀರು ಕಾಣ್ತು. ಐದು ಬೆರಳು ಕಾಣಿಸ್ಲಿಲ್ವಾ?"

ಒರೆಸುತ್ತಿದ್ದ ಬಟ್ಟೆ ಗಾಜಿನ ಮೇಲೇ ನಿಂತಿತು.

"ಅಸಲಿ ಫೋಟೋಗೆ ಬೇರೆ ಏನು ಮಾಡೋಕೆ ಹೇಳಿದ್ರು?" ಇನ್‌ಸ್ಪೆಕ್ಟರ್ ಮಾಲೀಕನತ್ತ ತಿರುಗಿದರು.

"ಅವರ ಹಳೇ ಫ್ರೇಮ್ ಚಿಕ್ಕದು ಸಾರ್. ಆ ಕೆಲಸದೋಳಿರೋ ತುದಿ ಕತ್ತರಿಸಿ ಕೊಡಿ, ಮನೇಲಿ ಕೂರಿಸ್ಕೋತೀನಿ ಅಂದಿದ್ರು."

"ಕತ್ತರಿಸೋಕೆ ಕೂತೆ ಸಾರ್," ಅಂದಳು ಆಕೆ. "ಬ್ಲೇಡು ಕೈಯಲ್ಲಿತ್ತು. ಆಗಲಿಲ್ಲ."

"ಎಲ್ಲಿದೆ?"

"ಮನೇಲಿ."

ಸಂಜೆ ಐದಕ್ಕೆ ಆಕೆಯ ಒಂದೇ ಕೋಣೆಯ ಮನೆಯಲ್ಲಿ ಪಂಚನಾಮೆ. ಪಂಚರಾಗಿ ಬಂದ ಪಕ್ಕದ ದರ್ಜಿ, ಎದುರುಮನೆಯ ಪ್ಲಂಬರ್ ಇಬ್ಬರೂ ಬಾಗಿಲಲ್ಲೇ ಮೈ ಹಿಡಿಯಾಗಿಸಿ ನಿಂತರು. ಬಟ್ಟೆಪೆಟ್ಟಿಗೆಯ ತಳದಲ್ಲಿ, ಎರಡು ರಟ್ಟಿನ ನಡುವೆ, ಬೆಣ್ಣೆಕಾಗದದಲ್ಲಿ ಸುತ್ತಿದ ಫೋಟೋ ಸಿಕ್ಕಿತು. ಮುಖ್ಯ ಪೇದೆ ಕೈ ಚಾಚಿದರು.

"ಅಂಚು ಹಿಡೀರಿ ಸಾರ್, ಬೆವರು ತಾಗಿದ್ರೆ ಕಲೆಯಾಗುತ್ತೆ."

ಕಳ್ಳಿಯಿಂದ ಪಾಠ ಹೇಳಿಸಿಕೊಂಡ ಮುಖ್ಯ ಪೇದೆ, ಬೈಯಬೇಕೋ ಬೇಡವೋ ತಿಳಿಯದೆ, ಅಂಚನ್ನೇ ಹಿಡಿದರು.

ಬಲತುದಿಯಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಬಾಗಿ ನಿಂತಿದ್ದಳು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವಳು ಮಗುವನ್ನೇ ನೋಡುತ್ತಿದ್ದಳು.

"ಯಾರು?"

"ನಮ್ಮಮ್ಮ. ನನಗೆ ಎಂಟು ವರ್ಷ ಆದಾಗ ತೀರಿಹೋದ್ಲು. ಒಂದು ಫೋಟೋ ಇಲ್ಲ. ಮುಖ ಮರೆತೇಹೋಗಿತ್ತು ಸಾರ್, ಬೆರಳು ನೆನಪಿತ್ತು."

"ಒಂದು ಕಾಪಿ ಇಟ್ಕೊಂಡು ಸುಮ್ಮನಿರಬಾರದಿತ್ತಾ?"

"ಕಾಪಿ ಇದೆ. ಆದ್ರೆ ಇದನ್ನ ಕೊಟ್ಟಿದ್ರೆ ಇನ್ನೊಬ್ಬರು ಕತ್ತರಿಸಿ ಕಸದ ಬುಟ್ಟಿಗೆ ಹಾಕ್ತಿದ್ರು."

ಠಾಣೆಯಲ್ಲಿ ಸ್ವತ್ತು ಗುರುತಿಸಲು ಟೀಚರ್ ಬಂದರು. ವಿಷಯ ಕೇಳಿ ಅವರ ಮುಖ ಸಣ್ಣದಾಯಿತು.

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

"ಆಲ್ಬಮ್ ತಂದ ದಿನವೇ ಕೇಳಿದ್ದೆ ಅಮ್ಮ, ಇವರು ಯಾರು ಅಂತ. ಯಾರೋ ಕೆಲಸದೋಳು, ಹೆಸರೂ ಗೊತ್ತಿಲ್ಲ ಅಂದ್ರಿ. ಅದರ ಮೇಲೆ ಏನು ಹೇಳ್ಲಿ?"

ಟೀಚರ್ ಫೋಟೋ ತಿರುಗಿಸಿ ಅಪ್ಪನ ಅಕ್ಷರ ನೋಡಿದರು. ಮತ್ತೆ ಮಗುಚಿ ಆ ಕೈಯನ್ನು ನೋಡಿದರು. ಅಳು ಬಂತು. ಹಾಗಂತ ದೂರು ಹಿಂದಕ್ಕೆ ಪಡೆಯುತ್ತೇನೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದು ಅವರಪ್ಪನ ಒಂದೇ ಫೋಟೋ, ಆಕೆ ಅದನ್ನು ಕದ್ದಿದ್ದಳು.

ಮುಖ್ಯ ಪೇದೆ ಸ್ವತ್ತಿನ ವಿವರ ಬರೆಯುತ್ತಿದ್ದರು: ಪಿರ್ಯಾದಿಯ ತಂದೆ, ತಾಯಿ, ಮಗು, ಒಬ್ಬ ಅಪರಿಚಿತ ಹೆಂಗಸು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿ, "ಕೊನೇದು ಹೊಡೆದುಹಾಕ್ರೀ. ಆರೋಪಿಯ ತಾಯಿ ಅಂತ ಬರೀರಿ," ಅಂದರು.

"ನನಗೆ ಯಾವಾಗ ಸಿಗುತ್ತೆ?" ಕೇಳಿದರು ಟೀಚರ್.

"ಕೋರ್ಟಿಗೆ ಅರ್ಜಿ ಹಾಕಿ, ಸಿಗುತ್ತೆ. ಆದ್ರೆ ಕೇಸ್ ಮುಗಿಯೋವರೆಗೂ ಇದು ಸಾಕ್ಷಿ. ಹೇಗಿದೆಯೋ ಹಾಗೇ ಇರಬೇಕು. ಕೂದಲೆಳೆಯಷ್ಟೂ ಕತ್ತರಿಸೋ ಹಾಗಿಲ್ಲ."

ಬಂಧನದ ಕಾಗದಕ್ಕೆ ಸಹಿ ಹಾಕುತ್ತಿದ್ದ ಆಕೆ ಪೆನ್ನು ನಿಲ್ಲಿಸಿದಳು.

"ಕೇಸ್ ಎಷ್ಟು ದಿನ ನಡೆಯುತ್ತೆ ಸಾರ್?"

ಇನ್‌ಸ್ಪೆಕ್ಟರ್ ಕಣ್ಣುಜ್ಜಿಕೊಂಡರು. "ನಮ್ಮ ಕೋರ್ಟಲ್ಲಾ? ನಾನು ರಿಟೈರ್ ಆದ್ಮೇಲೂ ನಡೀತಿರುತ್ತೆ."

"ನಡೀಲಿ ಬಿಡಿ ಸಾರ್," ಅಂದು ಆಕೆ ಸಹಿ ಮುಗಿಸಿದಳು.