ಪಿಡುಗಿನ ವರ್ಷದ ಬೀಗ

"ಮುಟ್ಟಿ, ನೋಡಿ, ಬೇಕಾದ್ರೆ ಫೋಟೊ ತೆಗೀರಿ. ಕೀಲಿ ಮಾತ್ರ ತಿರುಗಿಸ್ಬೇಡಿ," ಎಂದರು ಅತ್ತೆ, ಕೀಲಿ ಉಜ್ಜುತ್ತಿದ್ದ ಅರವನ್ನು ಕೆಳಗಿಡದೆ.

ಅಳಿಯ ನಕ್ಕ. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು, ಮನೆಗೆ ಹೊಸಬ. ತಲೆತಲಾಂತರದಿಂದ ಬೀಗ ಮಾಡಿಕೊಂಡು ಬಂದ ಹೆಂಡತಿಯ ಮನೆತನದ ಕತೆಯನ್ನು ನಗರದ ವಸ್ತುಪ್ರದರ್ಶನಕ್ಕೆ ಅಣಿಗೊಳಿಸುತ್ತಿದ್ದ. ರೈಲು ಬಂದಾಗ ಗೋದಾಮಿನ ಬೀಗ, ಯುದ್ಧ ಬಂದಾಗ ಮದ್ದುಗುಂಡಿನ ಕೋಠಿಯ ಬೀಗ. ದೇಶ ಕಂಡದ್ದನ್ನೆಲ್ಲ ಈ ಮನೆಯ ಕುಲುಮೆಯೂ ಕಂಡಿತ್ತು. ನಡುವೆ ಒಂದೇ ವರ್ಷದ ಬಗ್ಗೆ ಯಾರೂ ಬಾಯಿಬಿಡುತ್ತಿರಲಿಲ್ಲ, ಮಹಾಪಿಡುಗಿನ ವರ್ಷ. ಅಂಗಡಿಯ ಹಿಂಗೋಡೆಯಲ್ಲಿ ತೂಗುತ್ತಿದ್ದ ಈ ಕರಿ ಬೀಗ ಆ ವರ್ಷದ್ದು.

"ಕಾಯಿಲೆಯೋರನ್ನ ಉಗ್ರಾಣಕ್ಕೆ ತುಂಬಿ, ಮುತ್ತಜ್ಜನ ಕೈಲಿ ಬೀಗ ಹಾಕ್ಸಿದ್ರು," ಅತ್ತೆ ತಗ್ಗಿದ ದನಿಯಲ್ಲಿ ಹೇಳಿದರು. "ಒಳಗೊಬ್ಬ ಸೂಲಗಿತ್ತಿ ಇದ್ಲು, ಮಾಟ ಬಲ್ಲೋಳು. ಮುತ್ತಜ್ಜ ಹುಟ್ಟಿದಾಗ ಹೆರಿಗೆ ಮಾಡ್ಸಿದೋಳೂ ಅವ್ಳೇ. ಹೆಸರು ಹಿಡಿದು ಕೂಗಿದ್ಲಂತೆ. ಅವನು ಕೇಳಿಸದೋರ ಥರ ಬಂದ್ಬಿಟ್ಟ. ಆಗ ಅವ್ಳು ಬೆರಳು ಕಚ್ಚಿ, ಬಾಗಿಲ ಸಂದಿಯಿಂದ ಕೈ ತೂರ್ಸಿ ರಕ್ತ ಬೀಗದ ತೂತಿಗೆ ಬಿಟ್ಟು, ಕೂದಲು ತುರುಕಿ ಮಂತ್ರಿಸಿದ್ಲು. ‘ನನ್ನ ಕೂಗು ನೀನು ಕೇಳ್ಲಿಲ್ಲ. ಈ ಕೀಲಿ ತಿರುಗಿಸಿದ ನಿನ್ನ ಮನೆಯವರ ಕೂಗು ಯಾರಿಗೂ ಕೇಳದಿರಲಿ’ ಅಂತ. ಕಡೆಗೆ ಮನಸ್ಸು ತಡೀದೆ ಮುತ್ತಜ್ಜ ಹೋಗಿ ಕೀಲಿ ತಿರುಗಿಸ್ದ. ಒಳಗೆ ಯಾರೂ ಬದುಕುಳಿದಿರ್ಲಿಲ್ಲ. ಸಾಯೋವರೆಗೂ ಅವನು ತುಟಿ ಆಡಿಸ್ತಿದ್ದ. ದನಿ ಬರ್ಲಿಲ್ಲ."

"ದುಃಖಕ್ಕೆ ಮಾತು ಬಿದ್ದುಹೋಗಿರುತ್ತೆ ಅತ್ತೆ. ಮತ್ತೆ ನಾನೇನು ಈ ಮನೆಯೋನಾ?"

"ಮಗಳನ್ನ ಕೊಟ್ಟ ಮೇಲೆ ಇನ್ಯಾರು?"

ಅತ್ತೆ ಹಿತ್ತಲಿಗೆ ಹೋದರು. ಹೊರಗೆ ಮಟಮಟ ಮಧ್ಯಾಹ್ನ. ಅಂಗಡಿಯೊಳಗೆ ಮಾತ್ರ ಎಣ್ಣೆ, ತುಕ್ಕು, ತಣ್ಣನೆ ಕತ್ತಲೆ. ಅವನು ಬೀಗ ಇಳಿಸಿ ಕೀಲಿ ತಿರುಗಿಸಿದ. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತೂತಿನಿಂದ ಬಿಸಿಯುಸಿರು. ಒಳಗೆಲ್ಲೋ ಉಗುರುಗಳು ಮರ ಕೆರೆಯುತ್ತಿದ್ದವು. ಒಂದಲ್ಲ. ನೂರಾರು. ಅವನು ಕಿರುಚಿದ.

ಹಿತ್ತಲಿನಿಂದ ಬಂದ ಅತ್ತೆ ಅವನ ತೆರೆದ ಬಾಯಿಯನ್ನೇ ನೋಡುತ್ತ ಕುಸಿದು ಕೂತರು.

ಡಾಕ್ಟರು ಗಂಟಲಲ್ಲಿ ಏನೂ ದೋಷವಿಲ್ಲವೆಂದರು. ಬರೆದು ತೋರಿಸಿದರೆ ಹೆಂಡತಿಗೆ ಖಾಲಿ ಹಾಳೆ ಕಾಣುತ್ತಿತ್ತು. ಕಾಲೇಜಿನಲ್ಲಿ ಹುಡುಗರು ಮೊದಲು ನಕ್ಕರು, ಆಮೇಲೆ ಎದ್ದುಹೋದರು. ಖಾಲಿ ಬೆಂಚುಗಳಿಗೆ ಅವನು ಪಾಠ ಮುಗಿಸಿದ. ಮನೆಗೆ ಬಂದು ಬೇಕೆಂದೇ ತಟ್ಟೆ ಎತ್ತಿಹಾಕಿದ. ಹೆಂಡತಿ ತಿರುಗಿ ನೋಡಲಿಲ್ಲ. ಬದುಕಿರುವಾಗಲೇ ಮನೆಯೊಳಗೆ ಅವನಿಲ್ಲದಂತಾಗಿತ್ತು.

ಒಂದು ಸಂಜೆ ಹೆಂಡತಿ ಅವನೆದುರು ಬೀಗ ತಂದಿಟ್ಟಳು. "ನೀವೊಬ್ರೇ ಹೀಗಿರೋದು ನನ್ನಿಂದ ನೋಡಕ್ಕಾಗಲ್ಲ."

"ಬೇಡ ಕಣೇ!"

ಅವಳಿಗೆ ಕೇಳಿಸಲಿಲ್ಲ. ಕೀಲಿ ತಿರುಗಿತು. ಅವಳು ಕಿವಿ ಮುಚ್ಚಿಕೊಂಡಳು. ನಿಧಾನವಾಗಿ ಕೈ ಇಳಿಸಿದಳು.

"ಇನ್ನೊಂದ್ಸಲ ಹೇಳಿ," ಎಂದಳು.

ಅವನು ಅವಳ ಹೆಸರು ಕರೆದ. ಕರೆಯುತ್ತಲೇ ಇದ್ದ. ಇಬ್ಬರೂ ತಬ್ಬಿಕೊಂಡು ಅತ್ತರು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಮಗಳೇ? ನೀನೂನಾ?"

"ಅಮ್ಮಾ, ಇಲ್ಲೇ ಇದೀನಿ."

ಅತ್ತೆ ಅವಳ ತುಟಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಒಂದ್ಮಾತು ಆಡೇ. ನಂಗಿನ್ಯಾರಿದ್ದಾರೆ?" ಮುದಿ ಕೈ ಬೀಗದತ್ತ ಚಾಚಿತು. ಇಬ್ಬರೂ ಕೂಗಿದರು. ಇಬ್ಬರೂ ಹಾರಿದರು. ಆದರೆ ಅತ್ತೆಯದು ಬೀಗದವರ ಬೆರಳು. ಕ್ಷಣ ತಡವಾಗಲಿಲ್ಲ. ಕಟಕ್.

ಮನೆ ತುಂಬ ಸುಟ್ಟ ಕೂದಲಿನ ವಾಸನೆ.

"ಈಗ ಕೇಳಿಸ್ತಿದೆ," ಎಂದರು ಅತ್ತೆ, ಅಳುತ್ತ, ನಗುತ್ತ.

ಅಂಗಡಿಯ ಕಡೆಯಿಂದ ಗಿರಾಕಿಯೊಬ್ಬ ಕರೆದ, "ಯಾರಿದೀರಾ ಒಳಗೆ?"

"ಇದೀವಿ!" ಮೂವರೂ ಒಟ್ಟಿಗೆ ಕೂಗಿದರು. "ಬಂದ್ವಿ, ಇರಿ!"

ಅವನು ಇನ್ನೊಮ್ಮೆ ಕರೆದ. ಕಾದ. "ಯಾರೂ ಇಲ್ವೇನೋ," ಎಂದು ತನ್ನಷ್ಟಕ್ಕೆ ಗೊಣಗುತ್ತ ಬೀದಿಗಿಳಿದ.