ತೊಂಬತ್ತು ದಾಟದ ಮುಳ್ಳು

ವಿಶಾಖಪಟ್ಟಣದ ಗಾಜುವಾಕದಿಂದ ಪರವಾಡದವರೆಗೆ ಶ್ರೀಕಂಠನಂಥ ಗೇರ್‌ಬಾಕ್ಸ್ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಸಮುದ್ರ ದಾಟಿ ಮಲೇಷಿಯಾದವರೆಗೆ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಇದನ್ನು ಅವನೇ ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದ. ಅಷ್ಟು ಸಲ ಹೇಳಿದ ಮೇಲೆ ಸುಳ್ಳಿಗೂ ನಾಚಿಕೆಯಾಗಿ ನಿಜವಾಗಿಬಿಡುತ್ತದೆ.

ನಂಜನಗೂಡಿನ ಈ ಮಹಾನುಭಾವ ಮೂಗಿನಿಂದಲೇ ಗಾಡಿಯ ಜಾತಕ ಓದುತ್ತಿದ್ದ. ಮೇ ತಿಂಗಳ ಆ ಸೋಮವಾರ ಸಂಜೆ ಹಳೆಯ ಆಟೊಮ್ಯಾಟಿಕ್ ಜೀಪೊಂದು ಶೆಡ್ಡಿನ ಮುಂದೆ ನಿಂತದ್ದೇ ತಡ, ಬೆಲ್ಲ ಸೀದ ವಾಸನೆ ಅವನ ಮೂಗಿಗೆ ಬಡಿಯಿತು.

ತೆಲುಗಿನಲ್ಲಿ "ರಂಡಿ ಮೇಡಂ, ರಂಡಿ" ಎಂದು ನಕ್ಕು ಬರಮಾಡಿಕೊಂಡು, ಬಾನೆಟ್ಟಿನೊಳಗೆ ತಲೆ ತೂರಿಸಿ, ಕನ್ನಡದಲ್ಲಿ ಗೊಣಗಿದ: "ಈಯಮ್ಮ ಗೇರ್‌ಬಾಕ್ಸ್‌ನ ಒಲೆ ಮೇಲಿಟ್ಟು ಬೇಯ್ಸವ್ಳೆ ಕಣಪ್ಪ."

"ಬೇಯಿಸಿಲ್ಲ ಅಂಡಿ," ಎಂದಿತು ಹಿಂದಿನಿಂದ ತೆಲುಗು ಬೆರೆತ ಒಂದು ಕನ್ನಡ. "ದೋಣಿ ಎಳೆದೆ."

ಶ್ರೀಕಂಠನ ತಲೆ ಬಾನೆಟ್ಟಿಗೆ ಎಂಥಾ ಹೊಡೆತ ಹೊಡೆಯಿತೆಂದರೆ ಉಕ್ಕಿನ ಕಾರ್ಖಾನೆಯವರು ಸೈರನ್ನೆಂದು ತಿಳಿದು ಶಿಫ್ಟ್ ಬಿಟ್ಟಿರಬೇಕು. ತಿರುಗಿ ನೋಡಿದ. ಬ್ಯಾಂಕಿನ ಐಡಿ ಕಾರ್ಡು ಕೊರಳಲ್ಲಿ, ಠಸ್ಸೆಯ ನೇರಳೆ ಮಸಿ ಹೆಬ್ಬೆರಳಲ್ಲಿ, ಮೇಲಕ್ಕೇರಿದ ಎಡ ಹುಬ್ಬು. ಆ ಒಂದು ಹುಬ್ಬಿನಲ್ಲಿ ನೇತು ಹಾಕಿದರೆ ಇಡೀ ವಿಶಾಖಪಟ್ಟಣ ತೂಗಾಡುತ್ತಿತ್ತು.

ಅವಳು ಮಧುರಾ. ತಂದೆ ಶೇಷಗಿರಿ ಉಕ್ಕಿನ ಕಾರ್ಖಾನೆಯ ಇಂಜಿನಿಯರ್. ಕ್ವಾರ್ಟರ್ಸಿನ ಹಿತ್ತಲಲ್ಲಿ ಹನ್ನೊಂದು ವರ್ಷ ಕೂತು ಒಂದು ದೋಣಿ ಕಟ್ಟಿದ್ದರು. ಉಕ್ಕು ಬಿಟ್ಟರೆ ಬೇರೇನೂ ತಿಳಿಯದ ಮನುಷ್ಯ, ಉಕ್ಕಿನಲ್ಲೇ ಕಟ್ಟಿದ್ದರು. ಒಂದೂವರೆ ಟನ್. ಹೆಂಡತಿಯ ಹೆಸರನ್ನೇ ಇಟ್ಟು ಮೂತಿಗೆ 'ವಾಸಂತಿ' ಎಂದು ಬರೆದರು. ಇಲ್ಲಿನ ಸಮುದ್ರದ ಅಲೆಗೆ ಅದು ತಡೆಯುವುದಿಲ್ಲ, ನದಿಯೇ ಬೇಕು ಎನ್ನುತ್ತಿದ್ದರು. ಬಣ್ಣ ಆರುವ ಮೊದಲೇ ತೀರಿಕೊಂಡರು. ತಾಯಿ ವಾಸಂತಿ ಮೈಸೂರಿನ ತಮ್ಮನ ಮನೆ ಸೇರಿದರು. ಈಗ ಮಧುರಾಗೆ ವಿಜಯವಾಡಕ್ಕೆ ವರ್ಗ. ಭಾನುವಾರದೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು.

"ಕೃಷ್ಣಾದಲ್ಲಿ ಅದನ್ನ ತೇಲಿಸ್ಬೇಕು. ಎಳೆದು ನೋಡಿದ್ರೆ ಗೇಟ್ ದಾಟೋ ಹೊತ್ತಿಗೇ ಈ ವಾಸನೆ," ಎಂದಳು.

"ಗೇರ್‌ಬಾಕ್ಸ್ ಎಣ್ಣೆಗೆ ಜ್ವರ ಮೇಡಂ. ಕಂಪನಿಯೋರು ರೇಡಿಯೇಟರ್ ಒಳ್ಗೆ ಇಟ್ಟಿರೋ ಕೂಲರ್ರು ಖಾಲಿ ಗಾಡಿಗೆ ಸರಿ, ನಿಮ್ಮಪ್ಪಾವ್ರ ಹಡಗಿಗೆ ಸಾಲ್ದು. ಮುಂದ್ಗಡೆ ಇನ್ನೊಂದು ಆಯಿಲ್ ಕೂಲರ್ ಹಾಕ್ತೀನಿ. ಎಣ್ಣೆ ಅದ್ರಲ್ಲಿ ಸುತ್ತು ಹೊಡ್ದು, ಗಾಳಿ ತಕ್ಕಂಡು, ತಣ್ಗಾಗಿ ವಾಪಸ್ ಬತ್ತದೆ."

"ಎಷ್ಟು ದಿನ?"

"ಬೇರೆಯೋರಿಗೆ ಒಂದು ವಾರ. ನಂಗೆ ಒಂದೇ ದಿನ."

ಹುಬ್ಬು ಏರಿತು. ಅವಳ ಹುಬ್ಬು ಬಡಾಯಿ ಕಂಡಾಗಲೆಲ್ಲ ಹಾಗೆ ಏರುತ್ತದೆ ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಆದರೆ ಆ ಮಾತು ಮಾತ್ರ ಬಡಾಯಿಯಲ್ಲ. ಮಂಗಳವಾರ ಬೆಳಿಗ್ಗೆ ಕೂತವನು ಸಂಜೆಗೆ ಮುಗಿಸಿದ. ಸುಟ್ಟ ಎಣ್ಣೆ ಇಳಿಸಿ ಹೊಸದು ತುಂಬಿದ. ಏಸಿಯ ಕಂಡೆನ್ಸರ್ ಮುಂದೆ ಬೆರಳೆರಡರ ಸಂದು ಬಿಟ್ಟು ಕೂಲರ್ ಕೂರಿಸಿದ. ಪೈಪು ಎಲ್ಲಿಯೂ ಉಜ್ಜದಂತೆ ರಬ್ಬರ್ ಸುತ್ತಿ, ಕ್ಲ್ಯಾಂಪುಗಳನ್ನು ಮಗುವಿನ ಅಂಗಿಯ ಗುಂಡಿ ಹಾಕುವಷ್ಟು ಜೋಪಾನವಾಗಿ ಬಿಗಿದ. ಟ್ರಾಫಿಕ್ಕಿನಲ್ಲಿ ಗಾಳಿ ಸಿಗದೇ ಹೋದರೆ ಎಂದು ಒಂದು ಪುಟ್ಟ ಫ್ಯಾನನ್ನೂ ಸೇರಿಸಿದ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಬಿಸಿ ತೋರಿಸುವ ಮೀಟರ್ ಇಟ್ಟ. ನೂರಾಹತ್ತು ಡಿಗ್ರಿಯ ಹತ್ತಿರ ಕೆಂಪು ಗೆರೆ ಎಳೆದ.

ಗೆರೆ ಎಳೆದ ಮೇಲೆ ಹೊಳೆಯಿತು: ಇದು ಮುಗಿಯಿತೆಂದರೆ ಅವಳು ಹೊರಟಳು.

ಬುಧವಾರ ಮಧುರಾ ಬಂದಾಗ, "ಕೂಲರ್ ಕೂರ್ಸೋ ಬ್ರಾಕೆಟ್ ಚೆನ್ನೈಯಿಂದ ಬರ್ಬೇಕು ಮೇಡಂ," ಎಂದ. ಗುರುವಾರ, ಬ್ರಾಕೆಟ್ ಬಂದಿದೆ, ಆದರೆ ಅದು ಆನೆ ಎಳೆಯುವ ಗಾಡಿಯದು ಎಂದ. ಶುಕ್ರವಾರ, ಲಾರಿ ಡ್ರೈವರಿಗೆ ಮದುವೆ ಎಂದ. ಅವಳು ಬ್ಯಾಂಕ್ ಮುಗಿಸಿ ದಿನಾ ಬಂದು, ಮಗುಚಿ ಹಾಕಿದ ಟೈರಿನ ಮೇಲೆ ಕೂತು, ಚಹಾ ಲೋಟದ ಅಂಚಿನ ಮೇಲಿಂದ ಅವನನ್ನು ನೋಡುತ್ತಿದ್ದಳು. ಹುಬ್ಬು ಇಳಿಯುತ್ತಲೇ ಇರಲಿಲ್ಲ.

"ನಿಮ್ಮ ಕಿವಿಗೆ ಗ್ರೀಸ್ ಹತ್ತಿದೆ."

"ದೃಷ್ಟಿಬೊಟ್ಟು ಮೇಡಂ. ಇಲ್ಲಾಂದ್ರೆ ಗಾಜುವಾಕದ ಹುಡ್ಗೀರು ಬುಡಾಕಿಲ್ಲ."

ಅವಳು ನಕ್ಕಳು. ಆಮೇಲೆ ಕೇಳಿದಳು: "ಶ್ರೀಕಂಠ್, ಬೇರೇನಾದ್ರೂ ಹೇಳೋದಿದೆಯಾ?"

"ಇದೆಯಲ್ಲ! ಒಂದ್ಸಲ ಅರಕು ಘಾಟಲ್ಲಿ ಕೆಟ್ಟು ನಿಂತ ಬಸ್ಸು, ನಾನೊಬ್ನೇ..." ಎಂದು ಶುರು ಮಾಡಿ ಮುಕ್ಕಾಲು ಗಂಟೆ ಬಿಡಲಿಲ್ಲ. ಶನಿವಾರವೂ ಅದೇ ಪ್ರಶ್ನೆ ಕೇಳಿದಳು. ಆ ದಿನ ಅವನು ತನ್ನ ಅಜ್ಜ ಮಹಾರಾಜರ ಕಾರು ರಿಪೇರಿ ಮಾಡಿದ ಕಥೆ ಹೇಳಿದ. ಅಜ್ಜ ಕಾರನ್ನು ಕಂಡವನೇ ಅಲ್ಲ. ಮಧುರಾ ಕತ್ತಲಾಗುವ ಮೊದಲೇ ಎದ್ದು ಹೊರಟಳು.

ಭಾನುವಾರ ಮುಂಜಾನೆ ಟ್ರೇಲರ್ ಮೇಲೆ 'ವಾಸಂತಿ' ಏರಿತು. "ಅನಕಾಪಲ್ಲಿ ತನಕ ಟ್ರಯಲ್ಗೆ ನಾನೂ ಬತ್ತೀನಿ," ಎಂದು ಶ್ರೀಕಂಠ ಪಕ್ಕದ ಸೀಟಿಗೆ ಹತ್ತಿದ. ಅನಕಾಪಲ್ಲಿಯಲ್ಲಿ ಮುಳ್ಳು ಎಂಬತ್ತೆರಡು. "ಇನ್ನೂ ಸರಿಯಾಗಿ ಬಿಸಿಯಾಗಿಲ್ಲ, ತುನಿ ತನಕ ನೋಡ್ಬುಡಾಣ," ಎಂದ. ತುನಿಯಲ್ಲಿ ಎಂಬತ್ನಾಲ್ಕು. ಆಮೇಲೆ ಯಾರೂ ಟ್ರಯಲ್ಲಿನ ಮಾತೆತ್ತಲಿಲ್ಲ.

ಅವನು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದ. ಮುಳ್ಳು ಕೆಂಪು ಗೆರೆ ಮುಟ್ಟಲಿ. ಮುಟ್ಟಿದರೆ ನಿಲ್ಲಿಸಲೇಬೇಕು. ನಿಂತರೆ ಎಣ್ಣೆ ಆರುವವರೆಗೆ ಮರದ ನೆರಳಲ್ಲಿ ಕೂರಬೇಕು. ಕೂತರೆ, ಹೇಳಿಬಿಡುತ್ತೇನೆ.

ರಾಜಮಂಡ್ರಿಯಲ್ಲಿ ಗೋದಾವರಿ ಕುದಿಯುತ್ತಿದೆಯೋ ಎನ್ನುವಂಥ ಬಿಸಿಲು. ರಸ್ತೆಯ ಮೇಲೆ ದೋಸೆ ಹುಯ್ಯಬಹುದಿತ್ತು. ಮುಳ್ಳು ಎಂಬತ್ತಾರು.

ಮಧುರಾಳ ಫೋನು ಎರಡು ಸಲ ಹೊಡೆಯಿತು. "ಅನಿರುದ್ಧ್. ವಿಜಯವಾಡ ಬ್ರ್ಯಾಂಚಿನವರು, ಮೈಸೂರು ಕಡೆಯವರೇ. ಭವಾನಿಪುರಂನಲ್ಲಿ ದೋಣಿಗೆ ಜಾಗ ನೋಡಿಟ್ಟಿದ್ದಾರೆ," ಎಂದಳು. ಶ್ರೀಕಂಠ ಮೀಟರ್ ನೋಡುತ್ತಾ ಕೂತ.

ವಿಜಯವಾಡದೊಳಗೆ, ಕನಕದುರ್ಗ ಫ್ಲೈಓವರಿನ ಏರಿನಲ್ಲಿ ಗಾಡಿಗಳು ಇರುವೆ ಸಾಲಿನಂತೆ ನಿಂತುಬಿಟ್ಟವು. ಮೇಲೆ ಬಿಸಿಲು, ಹಿಂದೆ ಒಂದೂವರೆ ಟನ್ ಉಕ್ಕು, ಎದುರಿಗೆ ಒಂದು ಎಳೆ ಗಾಳಿಯಿಲ್ಲ. ಮುಳ್ಳು ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು... ಶ್ರೀಕಂಠ ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಮುಂದುಗಡೆ ಜಾಲರಿಯೊಳಗೆ ಏನೋ ಗುರ್ರೆಂದಿತು. ಅವನೇ ಹಾಕಿದ್ದ ಫ್ಯಾನು. ಮುಳ್ಳು ವಿಧೇಯ ವಿದ್ಯಾರ್ಥಿಯಂತೆ ಎಂಬತ್ತೈದಕ್ಕೆ ಇಳಿದು ಕೂತಿತು.

ಜೀವಮಾನದಲ್ಲಿ ಕೊಚ್ಚಿಕೊಂಡದ್ದೆಲ್ಲ ಅಂದು ನಿಜವಾಗಿತ್ತು. ಅವನಿಗೆ ಅಳು ಬಂತು.

ಭವಾನಿಪುರಂನ ನದಿ ದಂಡೆಯಲ್ಲಿ ಬಿಳಿ ಶರ್ಟಿನ ಅನಿರುದ್ಧ್ ಮೊಣಕಾಲಿನವರೆಗೆ ಪ್ಯಾಂಟು ಮಡಚಿಕೊಂಡು, ದೋಣಿ ಇಳಿಸುವವರ ಜೊತೆ ನೀರಿನಾಳ ನೋಡುತ್ತಿದ್ದ. ಮಧುರಾ ಇಂಜಿನ್ ಆರಿಸಲು ಹೋದಳು.

"ಆರಿಸ್ಬೇಡಿ. ಎಣ್ಣೆ ಮಟ್ಟ ಬಿಸೀಲೇ, ಇಂಜಿನ್ ಓಡ್ತಿರೋವಾಗ್ಲೇ ನೋಡ್ಬೇಕು," ಎಂದು ಇಳಿದು ಡಿಪ್‌ಸ್ಟಿಕ್ ಎಳೆದ. ಎಣ್ಣೆ ದಾಳಿಂಬೆ ರಸದಂತೆ ಕೆಂಪಗೆ, ಮಟ್ಟದ ಗುರುತಿಗೆ ಸರಿಯಾಗಿ ನಿಂತಿತ್ತು. ಸೀದ ವಾಸನೆಯಿಲ್ಲ. ಒಂದು ಹನಿ ಸೋರಿಲ್ಲ.

"ಮಧುರಾ ಅವ್ರೇ. ಆ ಬ್ರಾಕೆಟ್ಟು..."

"ಮಂಗಳವಾರವೇ ಹಾಕಿದ್ರಿ." ಅವಳು ಜಾಲರಿಯ ಮೇಲೆ ಕೈಯಿಟ್ಟಳು. "ಬುಧವಾರ ನೀವು ಚಹಾ ತರೋಕೆ ಹೋದಾಗ ಇಣುಕಿದ್ದೆ. ಹೊಳೀತಾ ಕೂತಿತ್ತು. ನಂಗೆಷ್ಟು ಖುಷಿಯಾಯ್ತು ಗೊತ್ತಾ?"

ಶ್ರೀಕಂಠ ಡಿಪ್‌ಸ್ಟಿಕ್ಕನ್ನು ಒರೆಸಿ ಮತ್ತೆ ಒಳಗೆ ತೂರಿಸಿದ.

"ಅವತ್ತೇ ಅಮ್ಮ ಫೋನ್ ಮಾಡಿದ್ರು. ಅನಿರುದ್ಧ್ ಮದುವೆಗೆ ಕೇಳ್ತಿದಾರೆ, ಏನು ಹೇಳ್ಲಿ ಅಂತ. ಶನಿವಾರ ಹೇಳ್ತೀನಿ ಅಂದೆ. ಬುಧ, ಗುರು, ಶುಕ್ರ, ಶನಿ. ನಾಲ್ಕು ದಿನ ನಿಮ್ಮ ಟೈರ್ ಮೇಲೆ ಕೂತಿದ್ದೆ ಕದಾ, ಶ್ರೀಕಂಠ್. ನೀವು ಬಸ್ಸಿನ ಕಥೆ ಹೇಳಿದ್ರಿ."

"ಈಗ ಹೇಳ್ಲಾ?"

"ಮಾತು ಕೊಟ್ಟಾಗಿದೆ. ಒಳ್ಳೆಯವರು ಅವರು." ನದಿಯ ಕಡೆ ನೋಡಿದಳು. "ಆದ್ರೂ ಹೇಳಿ. ಕೇಳಿಸ್ಕೊಳ್ತೀನಿ."

"ನೀವಂದ್ರೆ ನಂಗಿಷ್ಟ."

ಅಷ್ಟೇ ಬಂತು. ಅವನು ಅವಳ ಎಡ ಹುಬ್ಬನ್ನೇ ನೋಡುತ್ತಿದ್ದ. ಅದು ಏರಲಿಲ್ಲ. ಅದರ ಕೆಳಗಿನ ಕಣ್ಣು ಮಾತ್ರ ತುಂಬಿತು. ಅವಳು ದುಪಟ್ಟಾದ ತುದಿಯಿಂದ ಅವನ ಕಿವಿಯ ಗ್ರೀಸನ್ನು ನಿಧಾನವಾಗಿ ಒರೆಸಿ, ಆ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

'ವಾಸಂತಿ' ನೀರಿಗಿಳಿಯಿತು. ಒಮ್ಮೆ ವಾಲಿ, ಎಲ್ಲರ ಜೀವ ಬಾಯಿಗೆ ತಂದು, ಆಮೇಲೆ ಹಕ್ಕಿಯಂತೆ ಹಗುರಾಗಿ ತೇಲಿತು. ಮಧುರಾ "ಅಪ್ಪಾ" ಎಂದಳು. ಆ ಸದ್ದು ಶ್ರೀಕಂಠನೊಬ್ಬನಿಗೇ ಕೇಳಿಸಿತು.

ಹೊರಡುವ ಮೊದಲು ಅವನು ಅನಿರುದ್ಧನನ್ನು ಬಾನೆಟ್ಟಿನ ಬಳಿ ಕರೆದ. "ಸಾರ್, ತಿಂಗ್ಳಿಗೊಂದ್ಸಲ ಈ ಕ್ಲ್ಯಾಂಪ್ ಮುಟ್ಟಿ ನೋಡಿ. ಕೂಲರ್ ಮೇಲೆ ಧೂಳು ಕೂತ್ರೆ ಮೆತ್ಗೆ ತೊಳೀರಿ. ಜೋರಾಗಿ ನೀರು ಬುಡಬೇಡಿ, ಅದ್ರ ತೆಳ್ಳನೆ ತಗಡಿನ ರೆಕ್ಕೆ ಮುರೀತವೆ."

"ಖಂಡಿತ," ಎಂದ ಅನಿರುದ್ಧ್, ಎರಡೂ ಕೈಯಿಂದ ಅವನ ಕೈ ಹಿಡಿದು. ನಿಜವಾಗಿಯೂ ಒಳ್ಳೆಯವನೇ.

ಸಂಜೆಯ ವಿಶಾಖಪಟ್ಟಣದ ಬಸ್ಸಿನಲ್ಲಿ ಪಕ್ಕ ಕೂತ ಯಜಮಾನರೊಬ್ಬರು ತೆಲುಗಿನಲ್ಲಿ ಕೇಳಿದರು, ಯಾವ ಕೆಲಸಕ್ಕೆ ಬಂದಿದ್ದಿರಿ ಎಂದು. ಮುಂದೆ ಏಳು ಗಂಟೆಯ ದಾರಿ. ಅರಕು ಘಾಟಿನ ಬಸ್ಸಿತ್ತು, ಮಹಾರಾಜರ ಕಾರಿತ್ತು, ಹಡಗೊಂದನ್ನೇ ಎಳೆದು ತಂದ ಕಥೆಯೂ ಈಗ ಇತ್ತು.

"ಒಂದು ಆಯಿಲ್ ಕೂಲರ್ ಹಾಕಿದ್ದೆ," ಎಂದ ಶ್ರೀಕಂಠ. "ಸರಿಯಾಗಿ ಕೂತಿದೆ."

ಅಷ್ಟು ಹೇಳಿ, ಕಿಟಕಿಯ ಕಡೆ ತಿರುಗಿ, ಒರೆಸಿದ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ.