ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ

"ಮುಚ್ಚು ಬಾಯಿ! ಮನೆ ವಿಳಾಸವನ್ನ ಕೊಲೆಗಾರನ ಕೈಗೆ ಕೊಟ್ಟು, ಈಗ ನನಗೇ ಪಾಠ ಹೇಳ್ತೀಯಾ?"

"ನಾನು ಕೊಟ್ಟಿಲ್ಲ ಮಾವ. ಫಾರ್ಮ್ ಕೊಟ್ಟಿದೆ."

"ಫಾರ್ಮ್ ಮಾಡಿದ್ದು ಯಾರು? ನಮ್ಮಜ್ಜಿನಾ?"

"ಕಿರುಚಿದ್ರೆ ಗಡಿಯಾರ ನಿಲ್ಲಲ್ಲ. ಮೊದಲು ಇಲ್ಲಿ ನೋಡಿ!"

ಅಕ್ಕನ ಮಗಳು ಲ್ಯಾಪ್‌ಟಾಪನ್ನು ನನ್ನ ಮೂಗಿನ ಮುಂದೆ ತಳ್ಳಿದಳು. ಮಧ್ಯಾಹ್ನ ಎರಡೂವರೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ನನ್ನ ಬೆನ್ನಿನ ಮೇಲೆ ಮಾತ್ರ ಬೆವರು ಹರಿಯುತ್ತಿತ್ತು.

ನನ್ನ ಕಸುಬು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಕಾಣೆಯಾದವರನ್ನು ಹುಡುಕಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕಾಣೆಯಾಗಬೇಕಾದವರನ್ನು ಬಚ್ಚಿಡುವವನು.

ಆಗ ನನ್ನ ಬಳಿ ಇದ್ದದ್ದು ಒಬ್ಬಳೇ. ಟೈಲರಮ್ಮ.

ಅವಳ ಅಂಗಡಿಯ ಎದುರಿಗೆ ಒಂದು ಕಟ್ಟಡ ಏಳುತ್ತಿತ್ತು. ಸಾರವೆ ಅಲ್ಲಾಡುತ್ತಿದೆ, ನಾನು ಹತ್ತುವುದಿಲ್ಲ ಎಂದ ಒಬ್ಬ ಗಾರೆ ಕೆಲಸದವನು. ಕಂಟ್ರಾಕ್ಟರ್ ಅವನ ಎದೆಗೆ ಕೈಯಿಟ್ಟು ತಳ್ಳಿದ. ನಾಲ್ಕನೇ ಮಹಡಿಯಿಂದ. ಒಂದೇ ಕೈ! ಸೂಜಿಗೆ ದಾರ ಪೋಣಿಸುತ್ತಿದ್ದ ಟೈಲರಮ್ಮ ಅದೇ ಹೊತ್ತಿಗೆ ತಲೆಯೆತ್ತಿದ್ದಳು... ನೋಡಿಬಿಟ್ಟಳು.

ಆ ಕಂಟ್ರಾಕ್ಟರನಿಗೆ ಎಲ್ಲರೂ ಕ್ರೇನ್ ಅನ್ನುತ್ತಾರೆ. ಅವನ ಕೈ ನೋಡಿದವರು ಯಾಕೆ ಎಂದು ಕೇಳುವುದಿಲ್ಲ. ಜಾಮೀನಿನ ಮೇಲೆ ಹೊರಗಿದ್ದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕೋರ್ಟು. ಅಲ್ಲಿಯವರೆಗೆ ಟೈಲರಮ್ಮ ಉಸಿರಾಡುತ್ತಿರಬೇಕು. ಅಷ್ಟೇ ನನ್ನ ಕೆಲಸ.

ಊರಾಚೆ ಒಂದು ಮನೆ. ಒಳಗೆ ಅವಳೊಬ್ಬಳೇ, ಅವಳ ಹೊಲಿಗೆ ಮಿಷನ್ನು. ಫೋನ್ ಇಲ್ಲ, ಫೋನಿನ ಜಾಡು ಹಿಡಿದು ಬರುತ್ತಾರೆ ಎಂದು ನಾನೇ ಕಸಿದುಕೊಂಡಿದ್ದೆ. ಕಾವಲುಗಾರನೂ ಇಲ್ಲ, ಕುಡಿದು ಬಾಯಿಬಿಡುತ್ತಾನೆ. ಎಲ್ಲದಕ್ಕೂ ವೆಬ್ ಫಾರ್ಮು! ಅವಳ ವಕೀಲರು, ಡಾಕ್ಟರು, ತಾಯಿ, ಈ ಮೂವರಿಗೆ ಒಂದೊಂದು ಕೋಡ್. ಫಾರ್ಮಿನಲ್ಲಿ ಕೋಡ್ ಹಾಕಿದರೆ ವಿಳಾಸ ಕಾಣುತ್ತದೆ. ಗೇಟಿನ ಮುಂದೆ ನಿಂತು ಹೆಸರು, ಉದ್ದೇಶ, ಗಾಡಿ ನಂಬರ್, ಫೋನ್ ನಂಬರ್ ಎಂದು ಎರಡನೇ ಪುಟ ತುಂಬಿದರೆ ಗೇಟು ತೆರೆಯುತ್ತದೆ. ಹಿಂಬಾಗಿಲಿಗೂ ಅಂಥದ್ದೇ, ಒಳಗಿನ ಗೋಡೆಯ ಮೇಲೊಂದು ಟ್ಯಾಬ್. ಯಾರು, ಎಲ್ಲಿಗೆ ಎಂದು ಬರೆದರೆ ಮಾತ್ರ ಬೀಗ ಬಿಡುತ್ತದೆ.

ನನ್ನದೇ ಐಡಿಯಾ. ಬುದ್ಧಿವಂತ ನಾನು!

ಹಿಂದಿನ ದಿನ ತಾಯಿಯ ಫೋನು ಬಸ್ಸಿನಲ್ಲಿ ಕಳುವಾಗಿತ್ತು. ಕೋಡ್ ಆ ಮುದುಕಿಯ ತಲೆಯಲ್ಲಿತ್ತು, ಫೋನಿನಲ್ಲಿದ್ದದ್ದು ಫಾರ್ಮಿನ ಲಿಂಕ್ ಮಾತ್ರ. ಕದ್ದವನು ಕ್ರೇನಿನ ಕಡೆಯವನೇ ಆದರೂ ಬರೀ ಲಿಂಕ್ ಇಟ್ಟುಕೊಂಡು ಏನು ಕಿಸಿಯುತ್ತಾನೆ ಎಂದು ನಾನು ನಿಶ್ಚಿಂತೆಯಿಂದ ಊಟ ಮಾಡಿದ್ದೆ.

"ಯಾವ ಕೋಡ್ ಹಾಕಿ ಒಳಗೆ ಬಂದ? ಮೂವರಲ್ಲಿ ಯಾರದ್ದು?"

"ಯಾರದ್ದೂ ಅಲ್ಲ. ಅವನೇ ಕಟ್ಟಿದ್ದು."

"ಮತ್ತೆ ನಿನ್ನ ಫಾರ್ಮ್ ಹೇಗೆ ಒಪ್ಪಿಕೊಳ್ತು?"

"ಅಲ್ಲಿರೋದು ರೆಜೆಕ್ಸ್ ಮಾವ. ಪ್ಯಾಟರ್ನ್. ಎರಡು ಇಂಗ್ಲಿಷ್ ಅಕ್ಷರ, ಒಂದು ಅಡ್ಡಗೆರೆ, ನಾಲ್ಕು ಅಂಕಿ. ಹಾಗಿದ್ರೆ ಪಾಸ್."

"ಅದು ನಾನು ಕೊಟ್ಟ ಕೋಡೇ ಹೌದಾ ಅಂತ ನೋಡೋದು ಯಾರು?"

ಅವಳು ಸ್ಕ್ರೀನನ್ನು ಮೇಲೆ ಕೆಳಗೆ ಸರಿಸತೊಡಗಿದಳು.

"ಯಾರೇ?"

"ಅದಕ್ಕೆ ಪಟ್ಟಿ ಜೊತೆ ತಾಳೆ ನೋಡಬೇಕು. ಇನ್ನೆರಡು ದಿನ ಕೊಡಿ ಅಂದೆ. ನೀವೇನಂದ್ರಿ? 'ಪಟ್ಟಿಗಿಟ್ಟಿ ಆಮೇಲೆ, ಮೊದಲು ಗೇಟು ತೆಗೆಯೋ ಹಾಗೆ ಮಾಡು' ಅಂದ್ರಿ!"

ಅಂದಿದ್ದೆ. ಅದೇ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ಅಂದಿದ್ದೆ.

ತಿಳಿಯಿತಲ್ಲ? ನಮ್ಮ ಫಾರ್ಮು ಯೂನಿಫಾರಂ ನೋಡಿ ಒಳಗೆ ಬಿಡುತ್ತಿತ್ತು. ತೊಟ್ಟವನು ಯಾರು ಎಂದು ಕೇಳುತ್ತಲೇ ಇರಲಿಲ್ಲ.

ಸ್ಕ್ರೀನ್ ನೋಡಿದೆ. ಕಳುವಾದ ಆ ಫೋನಿನಿಂದಲೇ ಹನ್ನೆರಡು ಪ್ರಯತ್ನ. ಹನ್ನೊಂದು ಕೆಂಪು, ಕೊನೆಯದು ಹಸಿರು. ಮೊದಲನೆಯದಕ್ಕೆ ಬರೀ ಅಂಕಿ ಹಾಕಿದ್ದ. ಫಾರ್ಮು ಹೇಳಿತ್ತು: 'ಕೋಡ್ ಎರಡು ಅಕ್ಷರಗಳಿಂದ ಆರಂಭವಾಗಬೇಕು. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.' ಅಕ್ಷರ ಹಾಕಿದ. 'ಅಕ್ಷರಗಳ ನಂತರ ಅಡ್ಡಗೆರೆ ಇರಬೇಕು. ದಯವಿಟ್ಟು...' ಗೆರೆ ಹಾಕಿದ. 'ಗೆರೆಯ ನಂತರ ನಾಲ್ಕೇ ಅಂಕಿ. ದಯವಿಟ್ಟು...'

ಕೈಹಿಡಿದು ಅಕ್ಷರ ತಿದ್ದಿಸಿತ್ತು! ನನ್ನ ಹಳ್ಳಿ ಶಾಲೆಯ ಮೇಷ್ಟ್ರು ಕೂಡ ನನಗೆ ಇಷ್ಟು ತಾಳ್ಮೆಯಿಂದ ಕಲಿಸಿರಲಿಲ್ಲ.

"ಹಸಿರಾಗಿದ್ದು ಎಷ್ಟು ಹೊತ್ತಿಗೆ?"

"ಎರಡು ಇಪ್ಪತ್ತಕ್ಕೆ."

ಹತ್ತು ನಿಮಿಷವಾಗಿತ್ತು. ವಿಳಾಸ ಅವನ ಕೈಯಲ್ಲಿತ್ತು.

"ಏಳು! ಕಾರಿಗೆ ನಡಿ! ಆ ಡಬ್ಬಾನೂ ತಗೊಂಡು ಬಾ!"

*

ಇನ್ಸ್‌ಪೆಕ್ಟರಿಗೆ ಫೋನ್ ಮಾಡುತ್ತಲೇ ಗೇರ್ ಹಾಕಿದೆ.

"ಇಪ್ಪತ್ತೈದು ನಿಮಿಷ," ಎಂದರು ಅವರು.

"ಅಷ್ಟರಲ್ಲಿ ಹೆಣ ಬೀಳುತ್ತೆ ಸಾರ್!"

"ಹಾರಿಕೊಂಡು ಬರೋಕೆ ರೆಕ್ಕೆ ಇಲ್ಲ ಕಣ್ರೀ." ಫೋನ್ ಕಟ್ ಆಯಿತು.

ಅಕ್ಕನ ಮಗಳು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಮುಖ ಸುಣ್ಣದ ಹಾಗಿತ್ತು. "ಗೇಟಿನ ಫಾರ್ಮನ್ನ ಮುಚ್ಚಿಬಿಡ್ಲಾ ಮಾವ?"

"ಬೇಡ! ಮುಚ್ಚಿದ್ರೆ ಗಾಡೀಲೇ ಗೇಟಿಗೆ ಗುದ್ದುತಾನೆ. ಇನ್ನೇನು ಆಗೇಬಿಡ್ತು ಅಂತ ಅವನಿಗೆ ಅನ್ನಿಸ್ತಿರಬೇಕು. ಆದರೆ ಆಗಬಾರದು."

ಅವಳ ಬೆರಳುಗಳು ಓಡತೊಡಗಿದವು.

"ಏನು ಮಾಡ್ತಿದೀಯ?"

"ಗಾಡಿ ನಂಬರಿನ ಪ್ಯಾಟರ್ನ್ ಬದಲಾಯಿಸ್ತಿದೀನಿ. ಸಾಲು ಮುಗಿದ ಮೇಲೆ ಇನ್ನೊಂದು ಅಕ್ಷರ ಇರಬೇಕು ಅಂತ ಬರೀತಿದೀನಿ. ಮುಗಿದ ಮೇಲೆ ಏನಿರುತ್ತೆ? ಏನೂ ಇರಲ್ಲ. ಬ್ರಹ್ಮ ಬಂದು ಬರೆದ್ರೂ ಪಾಸಾಗಲ್ಲ."

"ಭೇಷ್! ಹಿಂಬಾಗಿಲಿಗೂ ಅದನ್ನೇ ಹಾಕು!"

"ಗೇಟಿಗೆ ಸಾಕು."

"ಹಾಕೇ! ಇನ್ಮೇಲೆ ಎಲ್ಲಾ ಕಡೆ ಬಿಗಿ ಇರಬೇಕು!"

"ಹಿಂಬಾಗಿಲಲ್ಲಿ ಖಾಲಿ ಬಿಡಬಾರದು ಅನ್ನೋ ಒಂದೇ ರೂಲ್ ಇರೋದು. ಬೇರೇದು ಬೇಡ. ಒಳಗಿರೋರು ಹೊರಗೆ ಹೋಗೋ ಬಾಗಿಲದು. ನೀವು ರಸ್ತೆ ನೋಡಿ!"

"ತಲೆಹರಟೆ! ನಿಮ್ಮಮ್ಮನ ಹಾಗೇ!"

ಕಾರು ನಿಲ್ಲಿಸಿ ಇಳಿಸಿಬಿಡೋಣ ಎನ್ನಿಸಿತು. ಇಳಿಸಿದ್ದರೆ... ಇರಲಿ, ಮುಂದೆ ಕೇಳಿ.

ರೈಲ್ವೆ ಗೇಟು ಬಿದ್ದಿತ್ತು. ಮುಂದೆ ಎರಡು ಲಾರಿ. ಗೂಡ್ಸ್ ಗಾಡಿ ದೂರದಲ್ಲಿ ಹುಳದ ಹಾಗೆ ತೆವಳುತ್ತಿತ್ತು. ಸ್ಟೀರಿಂಗ್ ತಿರುಗಿಸಿ ಪಕ್ಕದ ಕೆಳಸೇತುವೆಗೆ ನುಗ್ಗಿದೆ. ಒನ್ ವೇ! ಎದುರಿಗೆ ಬಂದ ವ್ಯಾನಿನವನು ನನ್ನ ವಂಶವನ್ನೆಲ್ಲ ಜಾಲಾಡಿದ. ಒಂದು ಕಡೆಯ ಕನ್ನಡಿ ಗೋಡೆಗೆ ತಾಗಿ ಹಾರಿಹೋಯಿತು.

"ಬಂದ ಮಾವ..." ಅವಳು ಸ್ಕ್ರೀನಿಗೆ ಬಗ್ಗಿದಳು. "ಗೇಟಿನ ಮುಂದಿದಾನೆ."

ಎರಡು ನಲವತ್ತು.

"ಓದು!"

"ಹೆಸರು, ವಕೀಲ. ಬಂದ ಉದ್ದೇಶ, ಭೇಟಿ. ಗಾಡಿ ನಂಬರ್ ಹಾಕಿದಾನೆ. ಕೆಂಪು ಬಂತು."

"ನೀನೇನಂದೆ?"

"ಅಕ್ಷರಗಳ ನಡುವೆ ಜಾಗ ಬಿಡಬೇಡಿ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಅವನು ಜಾಗ ತೆಗೆದ. ಅವಳು ಜಾಗ ಬಿಡಿ ಎಂದಳು. ಬಿಟ್ಟ. ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದಳು. ಬರೆದ! ಜನರನ್ನು ಮಹಡಿಯಿಂದ ತಳ್ಳುವ ಮನುಷ್ಯ, ಒಂದು ಬೆರಳಿನಲ್ಲಿ ಕುಟ್ಟುತ್ತಾ ನಿಂತಿದ್ದ. ಬಾಗಿಲು ಒದೆಯುವವನೂ ಫಾರ್ಮಿನ ಮುಂದೆ ಮಾತ್ರ ತಪ್ಪು ತನ್ನದೇ ಅಂದುಕೊಳ್ಳುತ್ತಾನೆ.

ಐದನೇ ಸಲಕ್ಕೆ ಅವಳು ಹೌಹಾರಿದಳು. "ಮಾವ, ನಂಬರೇ ಬೇರೆ ಹಾಕಿದಾನೆ!"

"ಸುಳ್ಳು ನಂಬರ್ ಅಂತ ಫಾರ್ಮಿಗೆ ಗೊತ್ತಾಯ್ತು ಅಂದುಕೊಂಡಿದಾನೆ. ಈಗ ಹಾಕಿದ್ದು ನಿಜವಾದದ್ದು. ಫೋನ್ ನಂಬರ್ ಸರಿಯಿಲ್ಲ ಅಂತಾನೂ ಹೇಳು!"

ಹೇಳಿದಳು. ಅದನ್ನೂ ನಿಜ ಬರೆದ.

ಎರಡು ನಲವತ್ತೆಂಟು. ಒಂಬತ್ತನೇ ಪ್ರಯತ್ನ. ಅವಳು ಓದಲು ಹೋಗಿ ನಿಲ್ಲಿಸಿದಳು.

"ಏನಂತೆ?"

"ಉದ್ದೇಶ ಅನ್ನೋ ಕಡೆ... 'ಅವಳ ನಾಲಿಗೆ ಕೀಳೋಕೆ. ತೆಗಿ ಗೇಟು' ಅಂತ ಬರೆದಿದಾನೆ."

ಆಕ್ಸಿಲರೇಟರ್ ತುಳಿದೆ. "ಉತ್ತರ ಕೊಡು! ಏನಾದ್ರೂ ಕೊಡು!"

"ಕೊಟ್ಟೆ. 'ಉದ್ದೇಶವನ್ನು ಒಂದೇ ಪದದಲ್ಲಿ ಬರೆಯಿರಿ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.'"

ಕಾದೆವು. ಒಂದು ನಿಮಿಷ.

"ಬಂತಾ?"

"ಇಲ್ಲ."

ಇನ್ನೊಂದು ನಿಮಿಷ.

"ಈಗ?"

"ಇಲ್ಲ ಮಾವ... ನಿಲ್ಲಿಸಿಬಿಟ್ಟ."

ಅವನ ಬೆದರಿಕೆಗಿಂತ ಆ ಖಾಲಿ ಸ್ಕ್ರೀನಿಗೆ ನಾನು ಹೆಚ್ಚು ಹೆದರಿದೆ, ನಿಜ ಹೇಳುತ್ತೇನೆ.

*

ಗೇಟು ಒಳಕ್ಕೆ ಮಡಚಿ ಬಿದ್ದಿತ್ತು. ಬಂಪರ್ ಒಡೆದ ಜೀಪು ಅಂಗಳದಲ್ಲಿ ಗುರುಗುಡುತ್ತಿತ್ತು. ಮುಂಬಾಗಿಲು ಚೌಕಟ್ಟಿನ ಸಮೇತ ಕಿತ್ತುಬಂದಿತ್ತು.

"ನೀನು ಕಾರಲ್ಲೇ ಇರು. ಬಾಗಿಲು ಲಾಕ್ ಮಾಡ್ಕೋ."

ಒಳಗೆ ಹೋದೆ. ಹಜಾರ ಖಾಲಿ. ಅಡುಗೆಮನೆ ಖಾಲಿ. ಹೊಲಿಗೆ ಮಿಷನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಇತ್ತು. ನೆಲದ ಮೇಲೆ ರಕ್ತ ಹುಡುಕಿದೆ. ಕೆಂಪು ಕಂಡಿತು... ಜೀವ ಬಾಯಿಗೆ ಬಂತು. ದಾರದ ಉಂಡೆ.

ಹಿಂದಿನಿಂದ ಒಂದು ಕೈ ಬಂತು.

ಕೈಯೋ ಅದು? ಕತ್ತಿನ ಸುತ್ತ ಪೂರ್ತಿ ಸುತ್ತಿಕೊಂಡಿತು. ಕಾಲು ನೆಲ ಬಿಟ್ಟಿತು.

"ಎಲ್ಲೋ ಅವಳು?"

"ನಿ... ನೀನೇ ಹೇಳು!"

"ಆಟ ಆಡ್ತೀಯಾ? ಎಲ್ಲಿಟ್ಟಿದೀಯ?"

"ಗೊತ್ತಿಲ್ಲ... ಗೊತ್ತಿಲ್ಲ!"

ನನ್ನ ಇಡೀ ವೃತ್ತಿಜೀವನದಲ್ಲಿ ಆ ಪ್ರಶ್ನೆಗೆ ನಿಜ ಹೇಳಿದ್ದು ಅದೇ ಮೊದಲು. ನಂಬಬೇಕಲ್ಲ! ಬೆರಳುಗಳು ಬಿಗಿಯಾದವು. ಕಿಟಕಿಯ ಬೆಳಕು ಹಳದಿಯಾಯಿತು, ಬೂದಿಯಾಯಿತು...

"ಎರಡು ಗಂಟೆ ನಲವತ್ತು ನಿಮಿಷ. ಹೆಸರು, ವಕೀಲ!"

ಬಾಗಿಲಲ್ಲಿ ಅಕ್ಕನ ಮಗಳು. ಕಾರಿನಲ್ಲಿ ಕೂರು ಅಂದರೆ ಕೂರುವ ಜಾತಕವೇ ಅಲ್ಲ ಅದು! ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಮುಖದ ಮುಂದೆ ಹಿಡಿದಿದ್ದಳು. ಓದುತ್ತಲೇ ಇದ್ದಳು.

"ಎರಡು ನಲವತ್ನಾಲ್ಕು. ನಿಮ್ಮ ನಿಜವಾದ ಗಾಡಿ ನಂಬರ್. ನಲವತ್ತಾರು. ನಿಮ್ಮ ಫೋನ್ ನಂಬರ್. ನಲವತ್ತೆಂಟು. ಉದ್ದೇಶ, ಅವಳ ನಾಲಿಗೆ ಕೀಳೋಕೆ."

ಕೈ ಸ್ವಲ್ಪ ಸಡಿಲವಾಯಿತು. "ಅದು... ಅದನ್ನ ತಗೊಳ್ಳಲಿಲ್ಲವಲ್ಲ! ಕೆಂಪು ಬಂತಲ್ಲ!"

"ಒಪ್ಪದೆ ಇದ್ದದ್ದನ್ನೂ ಉಳಿಸ್ಕೊಳ್ತೀವಿ ಸಾರ್. ಒಂಬತ್ತೂ ಇನ್ಸ್‌ಪೆಕ್ಟರಿಗೆ ತಲುಪಿದೆ."

ಅವನು ಅವಳನ್ನು ನೋಡಿದ. ಲ್ಯಾಪ್‌ಟಾಪನ್ನು ನೋಡಿದ. ನನ್ನನ್ನು ಕೆಳಗೆ ಹಾಕಿ ಅವಳ ಕಡೆ ಹೆಜ್ಜೆ ಇಟ್ಟ. ನಾನು ಬಿದ್ದಲ್ಲಿಂದಲೇ ಅವನ ಕಾಲಿಗೆ ಜೋತುಬಿದ್ದೆ. ಒದ್ದ. ಬಿಡಲಿಲ್ಲ. ಇನ್ನೊಮ್ಮೆ ಒದ್ದ. ಎರಡು ಹಲ್ಲು ಹೋದವು, ಇಗೋ, ನೋಡಿ, ಇಲ್ಲಿ. ಆಗ ಸೈರನ್ ಕೇಳಿಸಿತು. ರೆಕ್ಕೆ ಇಲ್ಲ ಎಂದವರು ಇಪ್ಪತ್ನಾಲ್ಕೇ ನಿಮಿಷಕ್ಕೆ ಹಾರಿಬಂದಿದ್ದರು.

ಕ್ರೇನಿಗೆ ಬೇಡಿ ಕೂರಲಿಲ್ಲ. ಹಗ್ಗ ತರಿಸಿದರು.

ಟೈಲರಮ್ಮ ಎಲ್ಲಿ? ಹಿಂಬಾಗಿಲಿಗೆ ಓಡಿದೆ. ಬೀಗ ಬಿಟ್ಟಿತ್ತು, ಬಾಗಿಲು ಸುಮ್ಮನೆ ಎಳೆದಿತ್ತು. ಟ್ಯಾಬಿನ ಮೇಲೆ ಹಸಿರು ಬೆಳಗುತ್ತಿತ್ತು. ಮಿಷನ್ನಿನ ಮುಂದಿನ ಕಿಟಕಿಯಿಂದ ಗೇಟು ಕಾಣುತ್ತದೆ. ಒಂದು ಬೆರಳಿನಲ್ಲಿ ಕುಟ್ಟುತ್ತಾ ನಿಂತವನನ್ನು ಅವಳು ನೋಡಿದ್ದಳು. ಎಂಟು ನಿಮಿಷ ಸಿಕ್ಕಿತ್ತು.

ಹೆಸರು: ಟೈಲರ್. ಹೊರಟ ಸಮಯ: 2.43. ಎಲ್ಲಿಗೆ ಎಂಬ ಕಡೆ ಒಂದೇ ಒಂದು ಚುಕ್ಕೆ.

ಫಾರ್ಮು ಒಪ್ಪಿಕೊಂಡಿತ್ತು. ಖಾಲಿ ಇರಲಿಲ್ಲವಲ್ಲ!

ನನ್ನ ಮಾತು ಕೇಳಿ ಅಲ್ಲಿಗೂ ಆ ಪ್ಯಾಟರ್ನ್ ಹಾಕಿದ್ದರೆ? ಅವಳು ಆ ಬಾಗಿಲ ಹಿಂದೆ ನಿಂತು, ಮತ್ತೊಮ್ಮೆ, ಮತ್ತೊಮ್ಮೆ ಪ್ರಯತ್ನಿಸುತ್ತಾ... ಗೋಡೆ ಹಿಡಿದುಕೊಂಡು ಕೂತುಬಿಟ್ಟೆ. ಅಕ್ಕನ ಮಗಳು ಬಂದು ನನ್ನ ಬಾಯಿಗೆ ತನ್ನ ದುಪಟ್ಟಾ ಒತ್ತಿದಳು. ಬೈದಿದ್ದರೆ ವಾಸಿಯಿತ್ತು.

*

ಮರುದಿನ ಹತ್ತಕ್ಕೆ ಸರಿಯಾಗಿ ಟೈಲರಮ್ಮ ಕೋರ್ಟಿಗೆ ಬಂದಳು. ಒಬ್ಬಳೇ. ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು. ಒಂದು ಸಲವೂ ತೊದಲಲಿಲ್ಲ.

ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದೆ. "ರಾತ್ರಿಯೆಲ್ಲ ಎಲ್ಲಿದ್ರಿ ತಾಯಿ? ಜೀವ ಹೋಗಿತ್ತು ನನಗೆ."

"ನಿಮಗೆ ಹೇಳಿದ್ರೆ ಫಾರ್ಮಲ್ಲಿ ಹಾಕಿಬಿಡ್ತೀರಿ ಅಣ್ಣ."

"ಕಾರು ತಂದಿದೀನಿ. ಬನ್ನಿ, ಬೇರೆ ಮನೆ ನೋಡಿದೀನಿ..."

ಅವಳು ನನ್ನ ಊದಿದ ಬಾಯಿಯನ್ನು ಒಂದು ಕ್ಷಣ ನೋಡಿದಳು. "ನಿಮ್ಮ ಅಕ್ಕನ ಮಗಳಿಗೆ ಒಂದು ಬ್ಲೌಸ್ ಹೊಲಿದುಕೊಡಬೇಕಿತ್ತು. ಋಣ ಇಲ್ಲ ಅನ್ನಿಸುತ್ತೆ," ಎಂದಳು. ಕೈಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು, ಜನರ ನಡುವೆ ನಡೆದುಹೋದಳು. ಮೂರು ಗಂಟೆ ಕಾರಿನಲ್ಲಿ ಕಾದೆ. ಬರಲಿಲ್ಲ. ಈ ಹೊತ್ತಿನವರೆಗೂ ಬಂದಿಲ್ಲ.

ಸಂಜೆ ಆಫೀಸಿನಲ್ಲಿ ಅಕ್ಕನ ಮಗಳು ಕೇಳಿದಳು. "ಪಟ್ಟಿ ಜೊತೆ ತಾಳೆ ನೋಡೋದು ಹಾಕಿಬಿಟ್ಟೆ ಮಾವ. ಹಿಂಬಾಗಿಲ ಫಾರ್ಮಿಗೂ ಒಂದು ಪ್ಯಾಟರ್ನ್ ಹಾಕ್ಲಾ? ಬರೀ ಚುಕ್ಕೆ ಒಪ್ಪದ ಹಾಗೆ?"

"ಮುಟ್ಟಬೇಡ," ಎಂದೆ. "ನಮ್ಮ ಫಾರ್ಮಿಗೆ ಇದುವರೆಗೆ ಬಂದ ಸರಿಯಾದ ವಿಳಾಸ ಆ ಚುಕ್ಕೆಯೊಂದೇ."